ಗುಂಡು ಒಡೆಯುತ್ತಿದೆಯೇ? ಮನೆಯಲ್ಲಿ ಕಟ್ಟಿದ ಪೇಂಟ್‌ಬಾಲ್ ಮಾರ್ಕರ್‌ನ ದೋಷ ಹುಡುಕುವ ಬಗೆ

ಪೇಂಟ್‌ಬಾಲ್ ಆಟದಲ್ಲಿ ಬಣ್ಣ ತುಂಬಿದ ಗುಂಡನ್ನು ಒತ್ತಿದ ಗಾಳಿಯಿಂದ ಹಾರಿಸುವ ಯಂತ್ರವೇ ಮಾರ್ಕರ್. ಸ್ವಂತ ಕೈಯಿಂದ ಕಟ್ಟಿದ ಮಾರ್ಕರ್ ತೊಂದರೆ ಕೊಟ್ಟಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರ್‌ನ ತಿರುಪಿನ ಮೇಲೆ. ನಳಿಗೆಯಿಂದ ಗುಂಡಿನ ಬದಲು ಬಣ್ಣದ ತುಂತುರು ಬಂತೋ, ಒತ್ತಡ ಇಳಿಸುತ್ತಾರೆ. ಗುಂಡು ನಾಲ್ಕು ಮಾರು ಹೋಗಿ ಬಿತ್ತೋ, ಒತ್ತಡ ಏರಿಸುತ್ತಾರೆ. ನಾನೂ ಎರಡು ವಾರ ಹಾಗೇ ಮಾಡಿದೆ. ದೋಷ ಒತ್ತಡದಲ್ಲಿ ಇರಲೇ ಇಲ್ಲ. ಗುಂಡು ತನ್ನ ಜಾಗಕ್ಕೆ ಪೂರ್ತಿ ಇಳಿಯುವ ಮೊದಲೇ ಬೋಲ್ಟ್ ಮುಂದೆ ಬಂದು ಅದನ್ನು ಕತ್ತರಿಸುತ್ತಿತ್ತು.

ಅಂದಿನಿಂದ ನಾನು ಪಾಲಿಸುವ ಕ್ರಮ ಒಂದೇ. ಗುಂಡಿನ ದಾರಿಯನ್ನು ಗಾಳಿಯಿಲ್ಲದೆ ಪರೀಕ್ಷಿಸಬೇಕು, ಗಾಳಿಯ ದಾರಿಯನ್ನು ಗುಂಡಿಲ್ಲದೆ ಪರೀಕ್ಷಿಸಬೇಕು, ಎರಡೂ ಸರಿ ಎಂದು ಖಾತರಿಯಾದ ಮೇಲಷ್ಟೇ ಒಟ್ಟಿಗೆ ನಡೆಸಬೇಕು. ಎರಡನ್ನೂ ಬೆರೆಸಿಕೊಂಡು ಹುಡುಕಿದರೆ ಒಂದು ದೋಷ ಇನ್ನೊಂದರ ವೇಷ ಹಾಕಿಕೊಂಡು ಓಡಾಡುತ್ತದೆ.

ಇಲ್ಲಿ ಹೇಳುವುದು ಸಾಮಾನ್ಯ ಬಗೆಯ ಯಂತ್ರದ ಬಗ್ಗೆ. ಮೇಲೆ ಗುಂಡು ತುಂಬುವ ಹಾಪರ್, ಅಲ್ಲಿಂದ ಕೆಳಗಿಳಿಯುವ ಕತ್ತು, ಗುಂಡು ಬಂದು ಕೂರುವ ಕೋಣೆ, ಅದನ್ನು ನಳಿಗೆಯೊಳಕ್ಕೆ ತಳ್ಳುವ ಬೋಲ್ಟ್, ಹಿಂದೆ ಸ್ಪ್ರಿಂಗ್‌ನ ಬಲದಿಂದ ವಾಲ್ವ್‌ಗೆ ಬಡಿಯುವ ಹ್ಯಾಮರ್, ಹ್ಯಾಮರನ್ನು ಹಿಡಿದಿಡುವ ಸಿಯರ್. ಬೋಲ್ಟ್ ಎಂದರೆ ಇಲ್ಲಿ ನಟ್ಟಿನ ಜೊತೆಗಾರನಲ್ಲ, ಹಿಂದೆ ಮುಂದೆ ಜಾರುವ ಸಿಲಿಂಡರಿನಾಕಾರದ ತುಂಡು.

ಬಿಚ್ಚುವ ಮೊದಲು

ಗಾಳಿಯ ಬಾಟಲಿ ಕಳಚಿ. ಕಳಚಿದ ಮೇಲೂ ವಾಲ್ವ್‌ನ ಹಿಂದಿನ ಕೋಣೆಯಲ್ಲಿ ಒಂದೆರಡು ಹೊಡೆತಕ್ಕಾಗುವಷ್ಟು ಗಾಳಿ ಸಿಕ್ಕಿಕೊಂಡಿರುತ್ತದೆ. ಹಾಪರ್ ತೆಗೆದು, ಯಾರೂ ಇಲ್ಲದ ಕಡೆ ನಳಿಗೆ ತಿರುಗಿಸಿ, ಸದ್ದು ನಿಲ್ಲುವ ತನಕ ಟ್ರಿಗರ್ ಎಳೆದು ಅದನ್ನೂ ಖಾಲಿ ಮಾಡಿ. ಬಿಚ್ಚುವಾಗ ಹ್ಯಾಮರ್ ಸ್ಪ್ರಿಂಗ್ ಚಿಮ್ಮಿ ಕಣ್ಣಿಗೆ ಬಡಿಯಬಹುದು, ಆದ್ದರಿಂದ ಕನ್ನಡಕ ಆಗಲೂ ಬೇಕು. ಗುಂಡು ಹಾರಿಸುವಾಗ ಪೇಂಟ್‌ಬಾಲ್‌ಗೆಂದೇ ಮಾಡಿದ ಮುಖವಾಡವೇ ಬೇಕು. ಬೆಸುಗೆಯವರ ಕನ್ನಡಕವಾಗಲಿ ಬೈಕಿನ ಹೆಲ್ಮೆಟ್ ಗಾಜಾಗಲಿ ಈ ಪೆಟ್ಟಿಗೆ ಮಾಡಿದ್ದಲ್ಲ. 3 ಗ್ರಾಂ ತೂಕದ ಗುಂಡು ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಬಂದರೆ ಸುಮಾರು 12 ಜೂಲ್ ಶಕ್ತಿ ಹೊತ್ತು ತರುತ್ತದೆ, ಕಣ್ಣು ಹೋಗಲು ಅಷ್ಟು ಸಾಕು.

ಇನ್ನೊಂದು ಮಾತನ್ನು ಬೇಡಿಕೊಂಡೇ ಹೇಳುತ್ತೇನೆ. ಒತ್ತಡ ತಡೆಯುವ ಯಾವ ಭಾಗವನ್ನೂ ಮನೆಯಲ್ಲಿ ಮಾಡಬೇಡಿ. ಬಾಟಲಿ, ರೆಗ್ಯುಲೇಟರ್, ಕೊಳವೆ, ಅವುಗಳ ಜೋಡಣೆ ಎಲ್ಲವೂ ಆ ಒತ್ತಡಕ್ಕೆಂದೇ ತಯಾರಾದವು ಇರಬೇಕು. ನೀರಿಗೆ ಬಳಸುವ ಪಿವಿಸಿ ಪೈಪಿನಲ್ಲಿ ಒತ್ತಿದ ಗಾಳಿ ತುಂಬಿದರೆ ಅದು ಸೋರಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಸೀಳಿ ಚೂರುಗಳನ್ನು ಎಸೆಯುತ್ತದೆ. ನೀರು ಅದುಮಿದರೆ ಕುಗ್ಗುವುದಿಲ್ಲ, ಹಾಗಾಗಿ ಪೈಪ್ ಬಿರಿದ ಕೂಡಲೇ ಅದರ ಒತ್ತಡ ಇಳಿದುಹೋಗುತ್ತದೆ. ಗಾಳಿ ಕುಗ್ಗಿದ ಸ್ಪ್ರಿಂಗ್ ಇದ್ದಂತೆ, ಒಳಗಿದ್ದ ಶಕ್ತಿಯೆಲ್ಲ ಆ ಚೂರುಗಳ ಬೆನ್ನ ಹಿಂದೆ ನಿಲ್ಲುತ್ತದೆ. ನಿಮ್ಮ ಯಂತ್ರದಲ್ಲಿ ಅಂಥ ಪೈಪ್ ಇದ್ದರೆ ಉಳಿದ ದೋಷಗಳನ್ನೆಲ್ಲ ಬದಿಗಿಟ್ಟು ಮೊದಲು ಅದನ್ನು ತೆಗೆಯಿರಿ. ಮನೆಯಲ್ಲಿ ರೂಪಿಸಲು ಬೋಲ್ಟ್, ಕತ್ತು, ಹಾಪರ್, ಟ್ರಿಗರ್ ಚೌಕಟ್ಟು ಇವೆ, ಜಾಣತನ ತೋರಿಸಲು ಬೇಕಾದಷ್ಟು ಜಾಗ ಅಲ್ಲೇ ಇದೆ.

ಬಣ್ಣ ಎಲ್ಲಿ ಬಿದ್ದಿದೆ ನೋಡಿ

ಒಡೆದ ಗುಂಡು ತನ್ನ ಕಥೆಯನ್ನು ತಾನೇ ಬರೆದಿಟ್ಟು ಹೋಗಿರುತ್ತದೆ. ಒರೆಸುವ ಆತುರ ಬೇಡ.

ಕೋಣೆಯಲ್ಲಿ, ಕತ್ತಿನ ಬಾಯಲ್ಲಿ, ಬೋಲ್ಟ್‌ನ ಮುಖದ ಮೇಲೆ ಬಣ್ಣ ಮೆತ್ತಿಕೊಂಡಿದ್ದು, ಸಿಪ್ಪೆಯಲ್ಲಿ ಬಾಗಿದ ಆದರೆ ನುಣುಪಾದ ಒಂದು ಅಂಚು ಕಂಡರೆ ಅದು ಕತ್ತರಿಸಿದ ಗುರುತು. ಅರ್ಧ ಇಳಿದ ಗುಂಡಿನ ಮೇಲೆ ಬೋಲ್ಟ್ ಹಾದಿದೆ. ಕೋಣೆ ಸ್ವಚ್ಛವಾಗಿದ್ದು ನಳಿಗೆಯ ಒಳಗೋಡೆಗೆ ಮಾತ್ರ ಬಣ್ಣ ಹತ್ತಿದ್ದರೆ ಗುಂಡು ಸರಿಯಾಗಿಯೇ ಕೂತಿತ್ತು, ದಾರಿಯಲ್ಲಿ ಒಡೆಯಿತು. ಆಗ ನಳಿಗೆ ಬಿಗಿಯೋ, ಒಳಗೆ ಲೋಹದ ಮುಳ್ಳಿದೆಯೋ, ಗುಂಡೇ ಹಳೆಯದೋ ನೋಡಬೇಕು. ನಳಿಗೆ ಸ್ವಚ್ಛ, ಕೋಣೆ ಸ್ವಚ್ಛ, ಆದರೆ ಮೂತಿಯಿಂದ ಹೊರಬಂದ ಕೂಡಲೇ ಗುಂಡು ಚದುರುತ್ತಿದ್ದರೆ ಗುಂಡಿನ ಸಿಪ್ಪೆ ತೆಳುವಾಗಿದೆ ಅಥವಾ ಮೂತಿಯ ಅಂಚಿನಲ್ಲಿ ಏನೋ ತಾಗುತ್ತಿದೆ. ಹಿಂದಿನ ಹೊಡೆತದ ಬಣ್ಣ ಒಳಗುಳಿದಿದ್ದರೆ ಮುಂದಿನ ಗುಂಡೂ ಒಡೆಯುತ್ತದೆ. ಒಂದು ಒಡೆದ ಮೇಲೆ ಸಾಲಾಗಿ ಐದು ಒಡೆಯುವುದು ಹೀಗೆ. ಆದ್ದರಿಂದ ಪ್ರತಿ ಪರೀಕ್ಷೆಗೂ ನಳಿಗೆ ಒರೆಸಿಕೊಂಡೇ ಶುರುಮಾಡಿ, ಇಲ್ಲದಿದ್ದರೆ ನಿನ್ನೆಯ ದೋಷವನ್ನು ಇಂದಿನದೆಂದು ಓದುತ್ತೀರಿ.

ಗುಂಡನ್ನೇ ಮೊದಲು ಅಳೆಯಿರಿ

ಸಾಮಾನ್ಯ ಗುಂಡಿನ ಅಳತೆ 0.68 ಇಂಚು, ಅಂದರೆ ಸುಮಾರು 17.3 ಮಿ.ಮೀ. ಇದು ಹೆಸರಿಗಿರುವ ಅಳತೆ. ಹೊರಸಿಪ್ಪೆ ಜೆಲಟಿನ್, ಮಾತ್ರೆಯ ಮೆತ್ತನೆಯ ಕ್ಯಾಪ್ಸೂಲ್ ಇದ್ದ ಹಾಗೆ. ಅದು ತೇವ ಹೀರಿ ಉಬ್ಬುತ್ತದೆ, ಒಣಗಿದರೆ ಪೆಡಸಾಗುತ್ತದೆ, ಬಹುಕಾಲ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಚಪ್ಪಟೆಯಾಗುತ್ತದೆ. ವರ್ನಿಯರ್ ಕ್ಯಾಲಿಪರ್‌ನಿಂದ ಹತ್ತು ಗುಂಡುಗಳನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ, ಬೆಸುಗೆಯ ಗೆರೆಯ ಮೇಲೊಮ್ಮೆ, ಅದಕ್ಕೆ ಅಡ್ಡವಾಗಿ ಒಮ್ಮೆ. ಎರಡು ಅಳತೆಗಳ ನಡುವೆ ಕಣ್ಣಿಗೆ ಕಾಣುವಷ್ಟು ಅಂತರವಿದ್ದರೆ ಆ ಚೀಲದ ಗುಂಡುಗಳಿಂದ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಎದೆಯೆತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟಾಗ ಬಿದ್ದ ಏಟಿಗೇ ಸಾಲು ಸಾಲಾಗಿ ಸೀಳುವ ಗುಂಡುಗಳಿಗೂ ಇದೇ ಮಾತು, ಅವು ಯಾವ ಒಳ್ಳೆಯ ಯಂತ್ರದಲ್ಲೂ ಉಳಿಯುವುದಿಲ್ಲ.

ನಳಿಗೆಗೂ ಗುಂಡಿಗೂ ಹೊಂದಾಣಿಕೆ ನೋಡಲು ಉಪಕರಣ ಬೇಡ. ನಳಿಗೆಯನ್ನು ಯಂತ್ರದಿಂದ ಬಿಚ್ಚಿ ಕೈಯಲ್ಲಿ ಹಿಡಿದು, ಹಿಂದಿನ ತುದಿಯಲ್ಲಿ ಗುಂಡಿಡಿ. ತಾನಾಗಿ ಉರುಳಿ ಆಚೆ ಬಿದ್ದರೆ ನಳಿಗೆ ಸಡಿಲ. ಊದಿದರೂ ಕದಲದಿದ್ದರೆ ಬಿಗಿ. ಇಟ್ಟಲ್ಲೇ ನಿಂತು, ಒಂದು ಜೋರಾದ ಉಸಿರಿಗೆ ಹೊರಬಂದರೆ ಸರಿ. ಈ ಪರೀಕ್ಷೆ ಬಿಚ್ಚಿದ ನಳಿಗೆಯಲ್ಲಿ ಮಾತ್ರ, ಯಂತ್ರಕ್ಕೆ ಸಿಕ್ಕಿಸಿದ ನಳಿಗೆಗೆ ಎಂದೂ ಬಾಯಿ ಹಚ್ಚಬೇಡಿ.

ಬೆಳಕಿಗೆ ಹಿಡಿದು ಒಳಗೆ ನೋಡಿ. ಡ್ರಿಲ್ ಮಾಡಿದ ರಂಧ್ರದ ಅಂಚಿನಲ್ಲಿ ಏಳುವ ಲೋಹದ ಮುಳ್ಳು ಕಣ್ಣಿಗೆ ತಪ್ಪಿದರೂ ಹತ್ತಿ ಸುತ್ತಿದ ಕಡ್ಡಿಗೆ ಸಿಕ್ಕುತ್ತದೆ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿಗೆ ಉಪ್ಪುಕಾಗದ.

60 ಮಿಲಿಸೆಕೆಂಡಿನ ಲೆಕ್ಕ

ಮನೆಯಲ್ಲಿ ಕಟ್ಟಿದ ಯಂತ್ರಗಳು ಸೋಲುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ.

ಹಾಪರ್‌ನಿಂದ ಗುಂಡು ಬೀಳುವುದು ಬರೀ ತನ್ನ ಭಾರದಿಂದ ಎಂದಿಟ್ಟುಕೊಳ್ಳಿ. ಬೋಲ್ಟ್ ಮುಂದಿದ್ದಾಗ ಕತ್ತಿನಲ್ಲಿರುವ ಗುಂಡುಗಳ ಸಾಲೆಲ್ಲ ಅದರ ಬೆನ್ನ ಮೇಲೆ ಕೂತಿರುತ್ತದೆ. ಬೋಲ್ಟ್ ಹಿಂದೆ ಸರಿದ ಕೂಡಲೇ ಸಾಲು ನಿಂತ ಸ್ಥಿತಿಯಿಂದ ಬೀಳಲು ತೊಡಗುತ್ತದೆ. ಕೆಳಗಿನ ಗುಂಡು ತನ್ನ ವ್ಯಾಸದಷ್ಟು, ಅಂದರೆ 17.3 ಮಿ.ಮೀ. ಇಳಿಯಬೇಕು. ಯಾವ ಘರ್ಷಣೆಯೂ ಇಲ್ಲದೆ ನೇರ ಬಿದ್ದರೂ ಅದಕ್ಕೆ ಹಿಡಿಯುವ ಸಮಯ ಸುಮಾರು 60 ಮಿಲಿಸೆಕೆಂಡ್. 45 ಮಿಲಿಸೆಕೆಂಡಿನಲ್ಲಿ ಅದು ಇಳಿದಿರುವುದು 10 ಮಿ.ಮೀ. ಮಾತ್ರ, 30ರಲ್ಲಿ ಕೇವಲ 4.4 ಮಿ.ಮೀ. ಅರ್ಧ ಸಮಯ ಕೊಟ್ಟರೆ ಅರ್ಧ ದಾರಿ ಇಳಿಯುವುದಿಲ್ಲ, ಕಾಲು ದಾರಿ ಇಳಿಯುತ್ತದೆ. ನಿಮ್ಮ ಬೋಲ್ಟ್ ಹಿಂದೆ ಹೋಗಿ 30 ಮಿಲಿಸೆಕೆಂಡಿನಲ್ಲಿ ಮರಳಿ ಬಂದರೆ ಅದಕ್ಕೆ ಎದುರಾಗುವುದು ಕತ್ತಿನಲ್ಲಿ ತೂಗುತ್ತಿರುವ ಗುಂಡಿನ ಕೆಳಹೊಟ್ಟೆ.

ಇದನ್ನು ಅಳೆಯಲು ಫೋನ್ ಸಾಕು. ನಿಧಾನಗತಿಯ ವೀಡಿಯೊದಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆದರೆ ಒಂದೊಂದು ಚಿತ್ರಕ್ಕೆ 4.2 ಮಿಲಿಸೆಕೆಂಡ್. ಫೋನನ್ನು ಸ್ಟ್ಯಾಂಡಿನ ಮೇಲಿಟ್ಟು, ಹಾಪರ್ ಕಳಚಿ, ಕತ್ತಿನ ಬಾಯಿಯೊಳಗೆ ಬೋಲ್ಟ್ ಕಾಣುವಂತೆ ಹಿಡಿದು ಗುಂಡಿಲ್ಲದೆ ಒಂದು ಹೊಡೆತ ಹೊಡೆಯಿರಿ. ಕತ್ತಿನ ರಂಧ್ರ ಪೂರ್ತಿ ತೆರೆದಿರುವ ಚಿತ್ರಗಳನ್ನು ಎಣಿಸಿ. 14ಕ್ಕಿಂತ ಕಡಿಮೆ ಇದ್ದರೆ ಭಾರದ ಮೇಲೆ ಬೀಳುವ ಗುಂಡಿಗೆ ಸಮಯ ಸಾಲದು. 20ರ ಆಸುಪಾಸು ಇದ್ದರೆ ನೆಮ್ಮದಿ.

ಪೇಂಟ್‌ಬಾಲ್‌ನ ಮೊದಲ ಆಟ ನಡೆದದ್ದು 1981ರ ಜೂನ್ 27ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಎಂಬಲ್ಲಿ, 12 ಆಟಗಾರರ ನಡುವೆ. ಅವರ ಕೈಯಲ್ಲಿದ್ದದ್ದು ಮರಗಳಿಗೂ ದನಗಳಿಗೂ ಬಣ್ಣದ ಗುರುತು ಹಾಕಲು ಮಾಡಿದ ನೆಲ್‌ಸ್ಪಾಟ್ 007. ಅದರಲ್ಲಿ ಗುಂಡುಗಳ ಕೊಳವೆ ನಳಿಗೆಗೆ ಸಮಾನಾಂತರವಾಗಿ ಮಲಗಿತ್ತು. ಬೋಲ್ಟನ್ನು ಕೈಯಿಂದ ಹಿಂದೆಳೆದು, ಇಡೀ ಪಿಸ್ತೂಲನ್ನು ಓರೆ ಮಾಡಿ ಗುಂಡನ್ನು ಉರುಳಿಸಿಕೊಂಡು, ಆಮೇಲೆ ಬೋಲ್ಟ್ ಮುಚ್ಚಬೇಕಿತ್ತು. ನಿಧಾನದ ಕೆಲಸ, ಆದರೆ ಗುಂಡಿಗೆ ಬೇಕಾದ ಸಮಯವನ್ನು ಮನುಷ್ಯನ ಕೈಯೇ ಕೊಡುತ್ತಿತ್ತು. ಮೊದಲ ಬಾರಿ ವಿನ್ಯಾಸ ಮಾಡುವವರಿಗೆ ನಾನು ಕೈಯಿಂದ ಎಳೆಯುವ ಪಂಪ್ ಮಾದರಿಯನ್ನೇ ಹೇಳುವುದು ಇದೇ ಕಾರಣಕ್ಕೆ. ಲೋಡಿಂಗ್‌ನ ಅರ್ಧ ತೊಂದರೆ ಅಲ್ಲಿ ಹುಟ್ಟುವುದೇ ಇಲ್ಲ.

ಬೋಲ್ಟ್ ಸಾಕಷ್ಟು ಹೊತ್ತು ತೆರೆದಿದ್ದರೂ ಗುಂಡು ಕತ್ತರಿಸುತ್ತಿದ್ದರೆ ಸಾಲು ಎಲ್ಲೋ ತಡೆಯುತ್ತಿದೆ. ಗಾಳಿ ಇಲ್ಲದೆ, ಬೋಲ್ಟನ್ನು ಬೆರಳಿನಿಂದ ಹಿಂದಿಟ್ಟು, ಗುಂಡುಗಳನ್ನು ಒಂದೊಂದಾಗಿ ಇಳಿಬಿಡಿ. ಕತ್ತು ಕೋಣೆಗೆ ಸೇರುವಲ್ಲಿ ಕೂದಲೆಳೆಯಷ್ಟು ಮೆಟ್ಟಿಲಿದ್ದರೂ ಗುಂಡು ಅಲ್ಲಿ ತಡವರಿಸುತ್ತದೆ, ಬೆರಳುಗುರಿನಿಂದ ಸವರಿದರೆ ತಿಳಿಯುತ್ತದೆ. ಕತ್ತಿನ ಒಳ ಅಗಲ ಗುಂಡಿಗಿಂತ ಒಂದು ಮಿಲಿಮೀಟರಿನಷ್ಟು ಹೆಚ್ಚಿದ್ದರೆ ಸಾಕು. ಸರಾಗವಾಗಿ ಬೀಳಲಿ ಎಂದು ತೀರಾ ಅಗಲ ಮಾಡಿದರೆ ಗುಂಡುಗಳು ಅಂಕುಡೊಂಕಾಗಿ ಕೂತು, ಒಂದರ ಹೆಗಲಿಗೆ ಇನ್ನೊಂದು ಒರಗಿ ಗೋಡೆಗೆ ಬೆಣೆ ಹೊಡೆದಂತೆ ನಿಲ್ಲುತ್ತವೆ. ಹಾಪರ್‌ನ ಬಾಯಲ್ಲೂ ಇದೇ ಆಟ, ಮೂರು ಗುಂಡು ಕಮಾನು ಕಟ್ಟಿ ಮೇಲಿನ ನೂರನ್ನು ತಡೆದುಬಿಡುತ್ತವೆ. ಯಂತ್ರವನ್ನು ಒಮ್ಮೆ ಅಲುಗಿಸಿದರೆ ಸರಿಹೋಗುವ ದೋಷ ಇದೇ ಕಮಾನು. ಒಳಗೆ ತಿರುಗುವ ಸಣ್ಣ ಕಡ್ಡಿಯೊಂದನ್ನು ಮೋಟರಿಗೆ ಹಾಕಿದರೆ ಕಮಾನು ಕಟ್ಟಲು ಬಿಡುವುದಿಲ್ಲ.

ಹೆಚ್ಚಿನವರಿಗೆ ಹೊಳೆಯದ ಕಾರಣ ಇನ್ನೊಂದಿದೆ, ಅದೇ ನನ್ನ ಎರಡು ವಾರ ತಿಂದದ್ದು. ಹೊಡೆತದ ಗಾಳಿಯ ಒಂದು ಪಾಲು ಬೋಲ್ಟ್‌ನ ಪಕ್ಕದಿಂದ ನುಸುಳಿ ಕತ್ತಿನಲ್ಲಿ ಮೇಲಕ್ಕೇರಿ ಗುಂಡುಗಳ ಸಾಲನ್ನೇ ಎತ್ತುತ್ತದೆ. ಸಾಲು ಒಂದು ಗುಂಡಿನಷ್ಟು ಮೇಲೆ ಹಾರಿದರೆ ಬೀಳಬೇಕಾದ ದೂರ ಎರಡರಷ್ಟಾಯಿತು, ಸಮಯದ ಲೆಕ್ಕವೆಲ್ಲ ತಲೆಕೆಳಗು. ಪತ್ತೆ ಸುಲಭ. ಗುಂಡಿಲ್ಲದೆ, ಕತ್ತಿನ ಬಾಯಿಯ ಮೇಲೆ ಪತ್ರಿಕೆಯ ಒಂದು ತೆಳು ಪಟ್ಟಿ ಇಟ್ಟು, ಮುಖ ದೂರವಿಟ್ಟು ಹೊಡೆಯಿರಿ. ಕಾಗದ ಸ್ವಲ್ಪ ನಡುಗಿದರೆ ಚಿಂತೆಯಿಲ್ಲ, ಹಾರಿಹೋದರೆ ಬೋಲ್ಟ್‌ನ ಓ-ರಿಂಗ್, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಸವೆದಿದೆ ಅಥವಾ ಬೋಲ್ಟ್ ಮತ್ತು ಅದರ ಕೊಳವೆಯ ನಡುವೆ ಸಡಿಲ ಹೆಚ್ಚಿದೆ. ಹೊಸ ಓ-ರಿಂಗ್ ಹಾಕಿದ ಮೇಲೂ ಹಾರುತ್ತಿದ್ದರೆ ಹೊಂದಾಣಿಕೆಯ ತಪ್ಪು: ಬೋಲ್ಟ್ ಕತ್ತಿನ ರಂಧ್ರವನ್ನು ಪೂರ್ತಿ ಮುಚ್ಚುವ ಮೊದಲೇ ವಾಲ್ವ್ ತೆರೆಯುತ್ತಿದೆ. ಹ್ಯಾಮರ್ ವಾಲ್ವ್‌ಗೆ ತಾಗುವ ಕ್ಷಣದಲ್ಲಿ ಬೋಲ್ಟ್ ಎಲ್ಲಿರುತ್ತದೆ ಎಂದು ಗಾಳಿಯಿಲ್ಲದೆ ಕೈಯಿಂದ ಜರುಗಿಸಿ ನೋಡಿ, ಎರಡನ್ನೂ ಜೋಡಿಸುವ ಕಡ್ಡಿಯ ಉದ್ದ ತಿದ್ದಿ.

ಸಮಯ ಹೆಚ್ಚಿಸಲಾಗದಿದ್ದರೆ ಏಟನ್ನಾದರೂ ಮೆತ್ತಗೆ ಮಾಡಬಹುದು. ಬೋಲ್ಟ್ ಮುಂದೆ ಬರುವ ಬಲ ಕಡಿಮೆಯಾದರೆ, ಅದರ ಮುಖಕ್ಕೆ ಮೆತ್ತನೆಯ ರಬ್ಬರ್ ತುದಿ ಇದ್ದರೆ, ಅರ್ಧ ಇಳಿದ ಗುಂಡಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ಕತ್ತರಿಸುವುದಿಲ್ಲ. ಎಲೆಕ್ಟ್ರಾನಿಕ್ ಟ್ರಿಗರ್ ಇರುವವರು ಕೋಣೆಯ ಅಡ್ಡಕ್ಕೆ ಇನ್ಫ್ರಾರೆಡ್ ಕಿರಣದ ಕಣ್ಣು ಇಡುವುದು ಇನ್ನೂ ಒಳ್ಳೆಯದು, ಗುಂಡು ಪೂರ್ತಿ ಕೂತು ಕಿರಣ ಕಡಿದ ಮೇಲೇ ಹೊಡೆತಕ್ಕೆ ಅಪ್ಪಣೆ. ಆ ಕಣ್ಣಿಗೆ ಬಣ್ಣ ಮೆತ್ತಿದರೆ ಅದು ಗುಂಡಿಲ್ಲದೆಯೂ ಗುಂಡಿದೆ ಎನ್ನುತ್ತದೆ. ಒರೆಸುವುದನ್ನು ರೂಢಿ ಮಾಡಿಕೊಳ್ಳಿ.

ಎರಡು ಗುಂಡು ಒಟ್ಟಿಗೆ ಹೋದರೆ

ಕೋಣೆಗೆ ಬಂದ ಗುಂಡು ನಳಿಗೆಯತ್ತ ಮುಂದೆ ಉರುಳದಂತೆ ಹಿಡಿಯುವ ಪುಟ್ಟ ಮೊಳೆಯೋ ರಬ್ಬರ್ ಗುಬುಟೋ ಇರುತ್ತದೆ, ಅದೇ ಡಿಟೆಂಟ್. ಅದು ಸವೆದರೆ ಮೊದಲ ಗುಂಡು ಮುಂದೆ ಉರುಳಿ ಹಿಂದೆ ಇನ್ನೊಂದು ಬಂದು ಕೂರುತ್ತದೆ. ಎರಡೂ ಒಟ್ಟಿಗೆ ಹೊರಟರೆ ವೇಗ ಅರೆಬರೆ, ಇಲ್ಲವೇ ನಳಿಗೆಯಲ್ಲೇ ಗಂಜಿ. ಗಾಳಿ ಇಲ್ಲದೆ ಒಂದು ಗುಂಡು ಇಳಿಸಿ ಮೂತಿಯನ್ನು ನೆಲದತ್ತ ಬಾಗಿಸಿ ಅಲುಗಿಸಿ. ಉರುಳಿದರೆ ಡಿಟೆಂಟ್ ಬದಲಿಸಿ. ಇದಕ್ಕೆ ಹೆದರಿ ಗಟ್ಟಿ ಸ್ಪ್ರಿಂಗ್ ಹಾಕಿದವರ ಗುಂಡುಗಳ ಹೊಟ್ಟೆಯಲ್ಲಿ ಗುಳಿ ಬೀಳುತ್ತದೆ. ಕಿರುಬೆರಳಿನಿಂದ ಮೆಲ್ಲಗೆ ಒತ್ತಿದರೆ ಗುಂಡು ದಾಟಬೇಕು, ಅಷ್ಟು ಬಿಗಿ ಸಾಕು.

ಇನ್ನು ಗಾಳಿಯ ಕಡೆ

ಗುಂಡು, ಹಾಪರ್ ಎರಡನ್ನೂ ತೆಗೆದು, ನಳಿಗೆಯ ಮೂತಿಗೆ ಗುಂಡು ತಡೆಯುವ ಚೀಲ ಹಾಕಿ, ಹ್ಯಾಮರನ್ನು ಹಿಂದೆಳೆದು ಸಿಯರ್‌ಗೆ ಸಿಕ್ಕಿಸಿಯೇ ಬಾಟಲಿ ತಿರುಗಿಸಿ. ಹ್ಯಾಮರ್ ಮುಂದಿದ್ದಾಗ ಗಾಳಿ ಬಿಟ್ಟರೆ ಸ್ಪ್ರಿಂಗ್ ವಾಲ್ವನ್ನು ಒತ್ತಿ ಹಿಡಿದಿರುವುದರಿಂದ ನಳಿಗೆಯಲ್ಲಿ ಬುಸುಗುಡುತ್ತದೆ, ಎಷ್ಟೋ ಜನ ಅದನ್ನೇ ಸೋರಿಕೆ ಎಂದುಕೊಂಡು ಒಳ್ಳೆಯ ವಾಲ್ವ್ ಬಿಚ್ಚುತ್ತಾರೆ. ಹ್ಯಾಮರ್ ಹಿಂದಿದ್ದಾಗಲೂ ನಳಿಗೆಯಿಂದ ಗಾಳಿ ಬರುತ್ತಿದ್ದರೆ ಮಾತ್ರ ವಾಲ್ವ್‌ನ ಸೀಲ್ ಸವೆದಿದೆ ಅಥವಾ ಅದರಡಿ ಕಸ ಸಿಕ್ಕಿದೆ. ಬೇರೆಡೆಯ ಸೋರಿಕೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ನೋಡಿ, ಕಿವಿಯನ್ನು ನಂಬಬೇಡಿ. ಬಾಟಲಿಯ ಕುತ್ತಿಗೆಯ ಓ-ರಿಂಗ್ ಸೀಳಿರುವುದೇ ಹೆಚ್ಚು. ತುಕ್ಕು ಬಿಡಿಸುವ ಸ್ಪ್ರೇಗಳನ್ನು ಓ-ರಿಂಗ್‌ಗಳಿಗೆ ಹೊಡೆಯಬೇಡಿ, ಮಾರ್ಕರ್‌ಗೆಂದೇ ಇರುವ ಎಣ್ಣೆಯ ಒಂದೆರಡು ಹನಿ ಸಾಕು.

ವೇಗ ಸಾಲದಿದ್ದಾಗ ಒತ್ತಡ ಏರಿಸುವ ಮೊದಲು ಈ ಲೆಕ್ಕ ನೋಡಿ. 3 ಗ್ರಾಂ ಗುಂಡನ್ನು 25 ಸೆಂ.ಮೀ. ನಳಿಗೆಯಲ್ಲಿ ಸೆಕೆಂಡಿಗೆ 85 ಮೀಟರ್ ವೇಗಕ್ಕೆ ತರಲು ಬೇಕಾದ ಸರಾಸರಿ ತಳ್ಳು ಸುಮಾರು 43 ನ್ಯೂಟನ್. ಗುಂಡಿನ ಬೆನ್ನಿನ ವಿಸ್ತೀರ್ಣ 2.35 ಚದರ ಸೆಂ.ಮೀ. ಘರ್ಷಣೆ ಬಿಟ್ಟರೆ ಗುಂಡಿನ ಹಿಂದೆ ಸರಾಸರಿ 2 ಬಾರ್‌ಗಿಂತಲೂ ಕಡಿಮೆ ಒತ್ತಡ ಸಾಕು, ಅದೂ ಸುಮಾರು 6 ಮಿಲಿಸೆಕೆಂಡ್ ಮಾತ್ರ. ಬಾಟಲಿಯ ರೆಗ್ಯುಲೇಟರ್ 850 ಪಿಎಸ್‌ಐ, ಅಂದರೆ ಸುಮಾರು 59 ಬಾರ್ ಕೊಡುತ್ತಿದ್ದರೂ ಗುಂಡು ಕುಂಟುತ್ತಿದೆ ಎಂದರೆ ಕೊರತೆ ಒತ್ತಡದ್ದಲ್ಲ, ಆ 6 ಮಿಲಿಸೆಕೆಂಡಿನೊಳಗೆ ಬೇಕಾದಷ್ಟು ಗಾಳಿ ಗುಂಡಿನ ಹಿಂದೆ ತಲುಪದಿರುವುದು. ವಾಲ್ವ್‌ನ ರಂಧ್ರ ಕಿರಿದೋ, ಬೋಲ್ಟ್‌ನೊಳಗಿನ ದಾರಿಯಲ್ಲಿ ಚೂಪು ತಿರುವೋ, ಹ್ಯಾಮರ್ ಸ್ಪ್ರಿಂಗ್ ಸೋತು ವಾಲ್ವನ್ನು ಸಾಕಷ್ಟು ಹೊತ್ತು ತೆರೆದಿಡುತ್ತಿಲ್ಲವೋ, ಅಲ್ಲಿ ಹುಡುಕಿ. ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಇದ್ದರೆ ಮೊದಲು ಬ್ಯಾಟರಿ ಬದಲಿಸಿ ನೋಡಿ.

ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಳಸುವವರಿಗೆ ಹವಾಮಾನವೂ ಒಂದು ದೋಷ. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ಸುಮಾರು 58 ಬಾರ್, 0 ಡಿಗ್ರಿಯಲ್ಲಿ ಸುಮಾರು 35. ವೇಗವಾಗಿ ಹೊಡೆದಂತೆ ಬಾಟಲಿ ತಣ್ಣಗಾಗಿ ವೇಗ ಇಳಿಯುತ್ತಾ ಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮರಳುತ್ತದೆ. ನಳಿಗೆಯಿಂದ ದಟ್ಟ ಬಿಳಿ ಮಂಜು ಬಂದು ಗುಂಡು ದಿಢೀರ್ ವೇಗ ಪಡೆದರೆ ದ್ರವರೂಪದ ಅನಿಲ ವಾಲ್ವ್‌ಗೆ ನುಗ್ಗಿದೆ. ತಕ್ಷಣ ನಿಲ್ಲಿಸಿ, ಬಾಟಲಿಯ ಬಾಯಿ ಮೇಲಿರುವಂತೆ ಯಂತ್ರ ಹಿಡಿಯಿರಿ. ಸಾಧ್ಯವಿದ್ದರೆ ಒತ್ತಿದ ಗಾಳಿಗೆ ಬದಲಾಯಿಸಿ, ಈ ತಲೆನೋವು ಬುಡಸಮೇತ ಹೋಗುತ್ತದೆ.

ಒಮ್ಮೆ ಟ್ರಿಗರ್ ಎಳೆದರೆ ಸರಸರನೆ ನಾಲ್ಕು ಹೊಡೆತ ಹೋಗುವುದು ಬೇರೆಯದೇ ದೋಷ. ಹ್ಯಾಮರ್ ಹಿಂದೆ ಬಂದರೂ ಸಿಯರ್ ಅದನ್ನು ಹಿಡಿಯುತ್ತಿಲ್ಲ. ಬಾಟಲಿ ಬರಿದಾಗುತ್ತಾ ಬಂದಾಗ ಮಾತ್ರ ಹೀಗಾದರೆ ಹ್ಯಾಮರನ್ನು ಹಿಂದೆ ತಳ್ಳಲು ಗಾಳಿ ಸಾಲುತ್ತಿಲ್ಲ. ತುಂಬಿದ ಬಾಟಲಿಯಲ್ಲೂ ಆದರೆ ಸಿಯರ್‌ನ ಅಂಚು ದುಂಡಗಾಗಿದೆ. ಅದನ್ನು ಅರದಿಂದ ಉಜ್ಜಿ ಚೂಪು ಮಾಡುವ ಆಸೆ ಬರುತ್ತದೆ, ಬೇಡ. ಮೇಲ್ಪದರದ ಗಡಸುತನ ಹೋಗಿ ನಾಳೆ ಇನ್ನೂ ಬೇಗ ಸವೆಯುತ್ತದೆ. ಹೊಸ ಸಿಯರ್ ಹಾಕುವ ತನಕ ಆ ಯಂತ್ರಕ್ಕೆ ಗುಂಡು ತುಂಬಬೇಡಿ.

ಕೊನೆಯ ಅಳತೆ

ಎರಡೂ ದಾರಿ ಸರಿಯಾದ ಮೇಲೆ ಕ್ರೋನೋಗ್ರಾಫ್, ಅಂದರೆ ಗುಂಡಿನ ವೇಗ ಅಳೆಯುವ ಉಪಕರಣ ಬೇಕೇ ಬೇಕು. ಕಣ್ಣಳತೆಯಿಂದ ವೇಗ ಹೇಳಲು ಯಾರಿಗೂ ಬಾರದು. ಸ್ಪ್ರಿಂಗ್ ತಿರುಪನ್ನು ತೀರಾ ಸಡಿಲದಿಂದ ಶುರುಮಾಡಿ ಕಾಲು ಸುತ್ತಿನಂತೆ ಏರಿಸಿ. ಹೆಚ್ಚಿನ ಮೈದಾನಗಳ ಮಿತಿ ಸೆಕೆಂಡಿಗೆ 280 ಅಡಿ, ಅಂದರೆ 85 ಮೀಟರ್. 300 ಅಡಿ, ಅಂದರೆ 91 ಮೀಟರ್, ಯಾವ ಕಾರಣಕ್ಕೂ ದಾಟಬಾರದ ಗೆರೆ. ಹತ್ತು ಹೊಡೆತದ ವೇಗವನ್ನು ಸಾಲಾಗಿ ಬರೆದುಕೊಳ್ಳಿ.

ಆ ಸಾಲನ್ನು ಓದುವುದು ಹೀಗೆ. ಅಲ್ಲೊಂದು ಇಲ್ಲೊಂದು ಅಂಕಿ ಕುಸಿದಿದ್ದರೆ ಗುಂಡುಗಳ ಅಳತೆ ಏರುಪೇರಾಗಿದೆ ಅಥವಾ ನಳಿಗೆ ಸಡಿಲ, ಗುಂಡಿನ ವಿಭಾಗಕ್ಕೆ ಮರಳಿ. ಮೊದಲಿನಿಂದ ಕೊನೆಗೆ ಒಂದೇ ಸಮ ಇಳಿಯುತ್ತಿದ್ದರೆ ರೆಗ್ಯುಲೇಟರ್ ಮರುತುಂಬುವ ವೇಗ ಸಾಲದು. ಈಗ ಯಂತ್ರವನ್ನು ಗಾಳಿ ಸಮೇತ, ನಳಿಗೆಗೆ ಚೀಲ ಹಾಕಿ, ಐದು ನಿಮಿಷ ಸುಮ್ಮನೆ ಇಟ್ಟು ಒಂದೇ ಹೊಡೆತ ಅಳೆಯಿರಿ. ಆ ಮೊದಲ ಹೊಡೆತ ಉಳಿದವಕ್ಕಿಂತ ನಿಧಾನವಾದರೆ ಓ-ರಿಂಗ್ ಒಣಗಿ ಅಂಟಿಕೊಂಡಿದೆ, ಎಣ್ಣೆ ಹಾಕಿದರೆ ಸರಿಹೋಗುತ್ತದೆ. ವೇಗವಾದರೆ ರೆಗ್ಯುಲೇಟರ್‌ನೊಳಗಿನ ಸೀಲ್ ಪೂರ್ತಿ ಮುಚ್ಚದೆ ಒತ್ತಡ ಮೆಲ್ಲನೆ ಏರುತ್ತಿದೆ. ಗೇಜಿನ ಮುಳ್ಳನ್ನು ಅದೇ ಐದು ನಿಮಿಷ ನೋಡುತ್ತಾ ಕೂತರೆ ಅದು ಏರುವುದು ಕಾಣುತ್ತದೆ. ಎಣಿಸಿದ ಹತ್ತೂ ಹೊಡೆತ ಮಿತಿಯೊಳಗಿದ್ದು, ಆಟದ ನಡುವೆ ವಿರಾಮದ ನಂತರದ ಒಂದೇ ಒಂದು ಹೊಡೆತ ಮಿತಿ ದಾಟುವುದು ಈ ದೋಷದಿಂದಲೇ. ಅಂಥ ರೆಗ್ಯುಲೇಟರನ್ನು ನೀವೇ ಬಿಚ್ಚದೆ, ಆ ಕೆಲಸ ಬಲ್ಲವರಿಗೆ ಕೊಟ್ಟು ಸೀಲ್ ಬದಲಿಸಿಕೊಳ್ಳಿ. ಆಮೇಲೆ ಐದು ನಿಮಿಷದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.